ಟೆರಿಯರ್ ನಾಯಿಯ ಕಣ್ಣು ಕೆಂಪಾದರೆ ನಾಳೆ ನೋಡೋಣ ಎನ್ನಬೇಡಿ

ಜಾಕ್ ರಸೆಲ್ ಟೆರಿಯರ್ ಸಾಕಿರುವವರು, ಸಾಕಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಐದು ವರ್ಷದ, ಗಟ್ಟಿಮುಟ್ಟಾಗಿದ್ದ ನಾಯಿಯೊಂದರ ಬಲಗಣ್ಣು ಒಂದೇ ವಾರದಲ್ಲಿ ಹೋಯಿತು. ಪೆಟ್ಟು ಬಿದ್ದಿರಲಿಲ್ಲ, ಬೇರೆ ನಾಯಿಯ ಜೊತೆ ಕಚ್ಚಾಟವೂ ಆಗಿರಲಿಲ್ಲ. ಕಣ್ಣಿನೊಳಗಿನ ಮಸೂರ ಜಾಗ ಬಿಟ್ಟು ಜಾರಿತ್ತು. ಪ್ರೈಮರಿ ಲೆನ್ಸ್ ಲಕ್ಸೇಷನ್ ಎಂಬ ಈ ಕಾಯಿಲೆ ಟೆರಿಯರ್‌ಗಳಲ್ಲಿ ವಂಶದಿಂದ ಬರುತ್ತದೆ. ಬೇಗ ಹಿಡಿದರೆ ಎಷ್ಟೋ ನಾಯಿಗಳ ದೃಷ್ಟಿ ಉಳಿಯುತ್ತದೆ. ಇಲ್ಲಿ ಹಿಡಿಯಲಿಲ್ಲ.

ಕೆಲವು ವಾರಗಳ ಮುಂಚಿನಿಂದಲೇ ಸೂಚನೆಗಳಿದ್ದವು. ಕತ್ತಿನ ಬೆಲ್ಟ್ ಹಾಕಲು ಹೋದರೆ ನಾಯಿ ಗುರ್ರೆನ್ನುತ್ತಿತ್ತು, ಬಲಗಡೆಯಿಂದ ಕೈ ಬಂದರೆ ತಲೆ ತಗ್ಗಿಸುತ್ತಿತ್ತು. ಟೆರಿಯರ್ ಅಲ್ಲವೇ, ಹಠ ಜಾಸ್ತಿಯಾಗಿದೆ ಎಂದುಕೊಂಡ ಮನೆಯವರು ಗದರಿಸಿ ಸುಮ್ಮನಾದರು. ಆಮೇಲೆ ಒಂದು ಸಂಜೆ ಬಲಗಣ್ಣು ಕೆಂಪಾಗಿ ನೀರು ಸುರಿಯತೊಡಗಿತು, ರೆಪ್ಪೆ ಅರ್ಧ ಮುಚ್ಚಿಕೊಂಡಿತು. ಆದರೂ ನಾಯಿ ಊಟ ಬಿಡಲಿಲ್ಲ, ಚೆಂಡು ಎಸೆದರೆ ಓಡಿತು. ಧೂಳು ಬಿದ್ದಿರಬೇಕೆಂದು ಎಲ್ಲರೂ ಭಾವಿಸಿದರು. ಮರುದಿನ ಕ್ಲಿನಿಕ್‌ನಲ್ಲಿ ಕಣ್ಣಿನ ಸೋಂಕೆಂದು ಆ್ಯಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟು, ಐದು ದಿನ ಬಿಟ್ಟು ಬರಲು ಹೇಳಿದರು. ಕಣ್ಣಿನ ಒತ್ತಡ ಅಳೆಯಲಿಲ್ಲ. ಮೂರನೇ ದಿನ ಕಣ್ಣಿನ ಮೇಲ್ಪದರ ನೀಲಿ ಬಿಳುಪಿಗೆ ತಿರುಗಿತು. ಕಣ್ಣಿನ ತಜ್ಞರ ಬಳಿ ತಲುಪುವ ಹೊತ್ತಿಗೆ ಒತ್ತಡ 50 ದಾಟಿತ್ತು. ಆರೋಗ್ಯವಂತ ನಾಯಿಯ ಕಣ್ಣಿನಲ್ಲಿ ಅದು ಸುಮಾರು 10ರಿಂದ 25 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ದೃಷ್ಟಿ ಮರಳುವ ದಾರಿ ಇರಲಿಲ್ಲ, ನೋವು ನಿಲ್ಲಿಸಲು ಕಣ್ಣನ್ನೇ ತೆಗೆಯಬೇಕಾಯಿತು.

ಒಳಗೆ ಆಗುವುದಿಷ್ಟು. ಮಸೂರವನ್ನು ಸುತ್ತಲೂ ಅತಿ ಸಣ್ಣ ನಾರುಗಳು ಹಿಡಿದು ನಿಲ್ಲಿಸಿರುತ್ತವೆ. ಎಡಿಎಎಂಟಿಎಸ್17 ಎಂಬ ಜೀನ್‌ನಲ್ಲಿ ದೋಷವಿರುವ ನಾಯಿಯಲ್ಲಿ ಈ ನಾರುಗಳು ಹುಟ್ಟಿನಿಂದಲೇ ದುರ್ಬಲ. ವರ್ಷ ಕಳೆದಂತೆ ಒಂದೊಂದಾಗಿ ಕಡಿಯುತ್ತವೆ, ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷದೊಳಗೆ ಮಸೂರ ಜಾರುತ್ತದೆ. ಹಿಂದಕ್ಕೆ ಜಾರಿದರೆ ಸ್ವಲ್ಪ ಕಾಲಾವಕಾಶ ಸಿಗಬಹುದು. ಪಾಪೆಯ ಮೂಲಕ ಮುಂದಕ್ಕೆ ಬಂತೆಂದರೆ ಕಣ್ಣಿನೊಳಗಿನ ದ್ರವ ಹರಿದುಹೋಗುವ ದಾರಿಯೇ ಕಟ್ಟಿಕೊಳ್ಳುತ್ತದೆ. ದ್ರವ ಉತ್ಪತ್ತಿಯಾಗುತ್ತಲೇ ಇರುತ್ತದೆ, ಒತ್ತಡ ಏರುತ್ತಲೇ ಹೋಗುತ್ತದೆ. ಇದೇ ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ದೃಷ್ಟಿ ಒಯ್ಯುವ ಆಪ್ಟಿಕ್ ನರ ಸಾಯಲು ಒಂದೆರಡು ದಿನ ಸಾಕು, ಕೆಲವೊಮ್ಮೆ ಗಂಟೆಗಳೇ ಸಾಕು. ಐದು ದಿನ ಬಿಟ್ಟು ಬನ್ನಿ ಎಂಬ ಮಾತು ಇಲ್ಲಿ ಎಷ್ಟು ದುಬಾರಿ ಎಂಬುದು ಇದರಿಂದ ಅರ್ಥವಾಗುತ್ತದೆ.

ಈ ತಳಿಯ ಸ್ವಭಾವವೇ ಕಾಯಿಲೆಯನ್ನು ಮುಚ್ಚಿಡುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ 19ನೇ ಶತಮಾನದಲ್ಲಿ ಈ ನಾಯಿಗಳನ್ನು ಬೆಳೆಸಿದ್ದು ಬಿಲದೊಳಗೆ ನುಗ್ಗಿ ನರಿಯನ್ನು ಹೊರಗಟ್ಟುವುದಕ್ಕೆ. ಮೂತಿಗೆ ಗಾಯವಾದರೂ ಹಿಂದೆ ಸರಿಯದ ನಾಯಿಯೇ ಅವರಿಗೆ ಬೇಕಿತ್ತು. ಆ ಛಲ ಇಂದಿಗೂ ರಕ್ತದಲ್ಲಿದೆ. ಲ್ಯಾಬ್ರಡಾರ್ ಮೂಲೆ ಹಿಡಿದು ಮಲಗುವಷ್ಟು ನೋವಿದ್ದರೂ ಟೆರಿಯರ್ ಚೆಂಡಿನ ಹಿಂದೆ ಓಡುತ್ತದೆ. ಹಾಗಾಗಿ 'ಆಟ ಆಡುತ್ತಿದೆ, ತಿನ್ನುತ್ತಿದೆ, ಏನೂ ಇರಲಿಕ್ಕಿಲ್ಲ' ಎಂಬ ಲೆಕ್ಕಾಚಾರವನ್ನು ಟೆರಿಯರ್ ವಿಷಯದಲ್ಲಿ ಬಿಟ್ಟುಬಿಡಿ. ಚಟುವಟಿಕೆ ನೋಡಬೇಡಿ, ಬದಲಾವಣೆ ನೋಡಿ. ತಲೆ ಸವರಿಸಿಕೊಳ್ಳುತ್ತಿದ್ದ ನಾಯಿ ತಪ್ಪಿಸಿಕೊಳ್ಳುತ್ತಿದೆಯೇ? ಸೋಫಾದಿಂದ ಇಳಿಯುವಾಗ ಅಳೆದು ನೋಡುತ್ತಿದೆಯೇ? ಬೆಳಕಿಗೆ ಒಂದೇ ಕಣ್ಣು ಕಿರಿದಾಗಿಸುತ್ತಿದೆಯೇ? ನಾರುಗಳು ಸಡಿಲವಾಗುವ ಹಂತದಲ್ಲಿ ಪಾಪೆಯ ಸುತ್ತಲಿನ ಬಣ್ಣದ ಭಾಗ ತಲೆ ಅಲುಗಿದಾಗ ಸಣ್ಣಗೆ ನಡುಗುವುದೂ ಉಂಟು. ಇದ್ದಕ್ಕಿದ್ದಂತೆ ಸಿಡುಕಾದ ಟೆರಿಯರನ್ನು ತರಬೇತುದಾರರ ಬಳಿ ಒಯ್ಯುವ ಮೊದಲು ವೈದ್ಯರ ಬಳಿ ಒಯ್ಯಿರಿ. ನೋವಿನಿಂದ ಗುರ್ರೆಂದ ಪ್ರಾಣಿಗೆ ಗದರಿಕೆ ಸಿಗುವುದು ಬಹಳ ಬೇಸರದ ಸಂಗತಿ.

ಕಣ್ಣು ಕೆಂಪಾಗಿದೆ, ಮಬ್ಬಾಗಿದೆ, ಮುಚ್ಚಿಕೊಳ್ಳುತ್ತಿದೆ ಎಂದಾದರೆ ಅಂದೇ ಹೊರಡಿ, ರಾತ್ರಿಯಾಗಿದ್ದರೆ ರಾತ್ರಿಯೇ. ಮನೆಯಲ್ಲಿ ಉಳಿದಿರುವ ಯಾವ ಡ್ರಾಪ್ಸ್ ಅನ್ನೂ ಹಾಕಬೇಡಿ. ಸ್ಟೀರಾಯ್ಡ್ ಇರುವ ಔಷಧಿ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಪಾರದರ್ಶಕ ಮೇಲ್ಪದರದಲ್ಲಿ, ಹುಣ್ಣಿದ್ದರೆ ಅದನ್ನು ಹದಗೆಡಿಸುತ್ತದೆ. ಮನೆಯ ಹಿರಿಯರು ಬಳಸುವ ಲ್ಯಾಟಾನೊಪ್ರೋಸ್ಟ್‌ನಂಥ ಗ್ಲಾಕೋಮಾ ಡ್ರಾಪ್ಸ್ ನಾಯಿಯ ಪಾಪೆಯನ್ನು ಕಿರಿದಾಗಿಸುತ್ತದೆ, ಮಸೂರ ಆಗಲೇ ಮುಂದೆ ಬಂದಿದ್ದರೆ ಅಲ್ಲೇ ಸಿಕ್ಕಿಸಿ ಒತ್ತಡವನ್ನು ಇನ್ನೂ ಏರಿಸುತ್ತದೆ. ನೋವಿಗೆಂದು ಐಬುಪ್ರೊಫೇನ್ ಕೊಡುವುದಂತೂ ಬೇಡವೇ ಬೇಡ, ಅದು ನಾಯಿಗೆ ವಿಷ. ಕೆರೆದುಕೊಳ್ಳದಂತೆ ತಲೆಯ ಸುತ್ತ ಪ್ಲಾಸ್ಟಿಕ್ ಕೋನ್ ಹಾಕಿ. ಕತ್ತಿನ ಬೆಲ್ಟ್ ಬಿಚ್ಚಿ ಎದೆಗೆ ಹಾಕುವ ಹಾರ್ನೆಸ್ ಕಟ್ಟಿ. ಕತ್ತು ಬಿಗಿದಾಗ ಕಣ್ಣಿನ ಒತ್ತಡ ಹೆಚ್ಚುತ್ತದೆ, ಟೆರಿಯರ್‌ಗಳೋ ಎಳೆಯುವುದರಲ್ಲಿ ಎತ್ತಿದ ಕೈ.

ವೈದ್ಯರನ್ನು ನೇರವಾಗಿ ಕೇಳಿ: ಟೋನೋಮೀಟರ್‌ನಲ್ಲಿ ಎರಡೂ ಕಣ್ಣುಗಳ ಒತ್ತಡ ಅಳೆಯುತ್ತೀರಾ? ಮಸೂರ ಜಾಗದಲ್ಲಿದೆಯೇ? ಹುಣ್ಣಿದೆಯೇ ಎಂದು ತಿಳಿಯಲು ಕಾರ್ನಿಯಾಕ್ಕೆ ಹಸಿರು ಬಣ್ಣದ ಪರೀಕ್ಷೆ ಮಾಡುತ್ತೀರಾ? ಉಪಕರಣವಿಲ್ಲದಿದ್ದರೆ ಅದಿರುವ ಕಡೆಗೆ ಕೂಡಲೇ ಕಳಿಸಿಕೊಡಲು ಹೇಳಿ. ಸಂಕೋಚ ಬೇಡ. ಕೆಂಪು ಕಣ್ಣೆಂದರೆ ಸಾಮಾನ್ಯವಾಗಿ ಸೋಂಕೇ ಇರಬಹುದು, ಆದರೆ ಟೆರಿಯರ್ ಎಂದ ಕೂಡಲೇ ಒತ್ತಡ ಅಳೆಯಲೇಬೇಕು. ಮಸೂರ ಮುಂದೆ ಬಂದಿದ್ದು ದೃಷ್ಟಿ ಇನ್ನೂ ಉಳಿದಿದ್ದರೆ ಮುಖ್ಯ ಚಿಕಿತ್ಸೆ ಮಸೂರವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಆನಂತರವೂ ಗ್ಲಾಕೋಮಾ ಬರುವ, ರೆಟಿನಾ ಕಳಚುವ ಅಪಾಯ ಇದ್ದೇ ಇರುತ್ತದೆ, ಜೀವನಪೂರ್ತಿ ತಪಾಸಣೆ ಬೇಕು.

ಇನ್ನೊಂದು ಕಣ್ಣನ್ನು ಮರೆಯಬೇಡಿ. ಈ ಕಾಯಿಲೆ ಬಹುತೇಕ ಎರಡೂ ಕಣ್ಣಿಗೆ ಬರುತ್ತದೆ, ನಡುವೆ ಕೆಲವು ವಾರ ಅಥವಾ ತಿಂಗಳುಗಳ ಅಂತರ ಇರಬಹುದು. ಮಸೂರ ಸಡಿಲವಾಗಿದ್ದರೂ ಇನ್ನೂ ಹಿಂದೆಯೇ ಇದ್ದರೆ, ಪಾಪೆ ಕಿರಿದಾಗಿಸುವ ಡ್ರಾಪ್ಸ್ ಅನ್ನು ತಜ್ಞರು ದಿನವೂ ಹಾಕಿಸುತ್ತಾರೆ. ಮಸೂರ ಮುಂದೆ ಬಂದಾಗ ಅಪಾಯ ತರುವ ಅದೇ ಬಗೆಯ ಔಷಧಿ ಇಲ್ಲಿ ಅದನ್ನು ಹಿಂದೆ ತಡೆದಿಡುತ್ತದೆ. ಯಾವುದು ಯಾವಾಗ ಎಂಬುದನ್ನು ಮಸೂರ ನೋಡಿದವರೇ ನಿರ್ಧರಿಸಬೇಕು.

ಮರಿ ಕೊಳ್ಳುವವರಿಗೆ ಒಂದು ಮಾತು. ಈ ಜೀನ್ ದೋಷವನ್ನು 2010ರಲ್ಲಿ ಗುರುತಿಸಲಾಗಿದೆ, ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಜಾಕ್ ರಸೆಲ್, ಪಾರ್ಸನ್ ರಸೆಲ್, ಮಿನಿಯೇಚರ್ ಬುಲ್ ಟೆರಿಯರ್, ವೈರ್ ಫಾಕ್ಸ್ ಟೆರಿಯರ್, ಸೀಲಿಹ್ಯಾಮ್, ಪ್ಯಾಟರ್‌ಡೇಲ್ ಮರಿಯಾದರೆ ತಂದೆ ತಾಯಿ ಎರಡರ ವರದಿಯನ್ನೂ ಕೇಳಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ದೋಷದ ಎರಡು ಪ್ರತಿ ಇರುವ ನಾಯಿಗೆ ಕಾಯಿಲೆ ಬರುವ ಸಾಧ್ಯತೆ ತುಂಬಾ ಹೆಚ್ಚು. ಒಂದು ಪ್ರತಿ ಇರುವ ವಾಹಕ ನಾಯಿಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ, ಆದರೆ ಅವನ್ನು ದೋಷವಿಲ್ಲದ ಜೋಡಿಯ ಜೊತೆ ಮಾತ್ರ ಕೂಡಿಸಬೇಕು. ನಾಯಿ ಆಗಲೇ ಮನೆಯಲ್ಲಿದ್ದರೆ ಈಗಲೂ ಪರೀಕ್ಷೆ ಮಾಡಿಸಿ. ಎರಡು ಪ್ರತಿ ಬಂದರೆ ಒಂದೂವರೆ ವರ್ಷದಿಂದ ಶುರುಮಾಡಿ ಆರು ತಿಂಗಳಿಗೊಮ್ಮೆ ಕಣ್ಣಿನ ತಜ್ಞರಿಗೆ ತೋರಿಸಿ. ನಿಮ್ಮ ನಾಯಿಗೆ ಕಾಯಿಲೆ ಖಚಿತವಾದರೆ ಮರಿ ಕೊಟ್ಟವರಿಗೂ, ಅದೇ ಸೂಲಿನ ಬೇರೆ ಮರಿಗಳನ್ನು ಕೊಂಡವರಿಗೂ ಅಂದೇ ಫೋನ್ ಮಾಡಿ ತಿಳಿಸಿ.