ಅಜ್ಜಿಯ ಮಾತು ಉಳಿಸೋಕೆ ಆಡಿಯೋನಾ, ವಿಡಿಯೋನಾ?

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕಿದ ಮನೆಗಳಲ್ಲಿ ಹುಳುವಿಗೆ ಸೊಪ್ಪು ಹಾಕಿದ್ದು, ರಾತ್ರಿ ಎದ್ದು ನೋಡಿಕೊಂಡಿದ್ದು ಜಾಸ್ತಿ ಹೆಂಗಸರೇ. ಆ ಅಜ್ಜಿಯರ ಮಾತು ಉಳಿಸಬೇಕು ಅಂತಿದ್ದೀರಾ?

ನನ್ನ ಓಟು ಆಡಿಯೋಗೆ. ಕ್ಯಾಮೆರಾ ಕಂಡರೆ ಅಜ್ಜಿ ಸೆರಗು ಸರಿಮಾಡಿಕೊಂಡು, "ನನ್ನದೇನಿದೆ ಬಿಡಪ್ಪ, ನಿಮ್ಮ ತಾತನ್ನ ಕೇಳಬೇಕಿತ್ತು" ಅಂತ ಸುಮ್ಮನಾಗುತ್ತಾರೆ. ಅವರನ್ನು ಕೇಳಿ, ಒಪ್ಪಿದ ಮೇಲೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿಡಿ. ಜೊತೆಗೆ ಕೂತು ಅವರೆಕಾಯಿ ಸುಲಿಯಿರಿ. ಮಾತು ತಾನಾಗಿ ಬರುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗು ಇದ್ದರೂ ತಿದ್ದಬೇಡಿ, ನಮ್ಮ ಕಡೆಯ ಮಾತೇ ಹಾಗಲ್ವಾ? ಆಡಿಯೋ 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಆದರೆ ಗಂಟೆಗೆ ಸುಮಾರು 58 ಎಂಬಿ ಜಾಗ ಸಾಕು. ಫುಲ್ ಎಚ್‌ಡಿ ವಿಡಿಯೋ ಹಲವು ಜಿಬಿ ನುಂಗುತ್ತದೆ.

ಆದರೆ ಕೈಕೆಲಸಕ್ಕೆ ವಿಡಿಯೋನೇ ಬೇಕು. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳು ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಬಿಡುವುದು, ಬೀಸುವ ಕಲ್ಲಿಗೆ ರಾಗಿ ಹಾಕುವುದು ಬರೀ ಕೇಳಿದರೆ ತಿಳಿಯುವುದಿಲ್ಲ. ಐದು ನಿಮಿಷ ತೆಗೆದರೆ ಸಾಕು.

ನೋಟ್‌ಬುಕ್? ಹೆಸರು, ಊರು, ದಿನಾಂಕ ಬರೆಯೋಕೆ ಮಾತ್ರ.

ಯಾವುದೇ ಆಗಲಿ, ಎರಡು ಕಡೆ ಕಾಪಿ ಇಡಿ. ನಾನು ಒಂದೇ ಫೋನಿನಲ್ಲಿ ಇಟ್ಟಿದ್ದೆ. ಅದು ನೀರಿನ ಸಂಪ್‌ನೊಳಗೆ ಬಿತ್ತು. ಒಂದು ಇಡೀ ಸಂಜೆಯ ಮಾತು ಹೋಯಿತು.