ಪೂರ್ಣ ಅಳತೆಯ ಅಮೆರಿಕನ್ ಫುಟ್‌ಬಾಲ್: ದೂರದ ಪಾಸ್ ಏಕೆ ತಪ್ಪುತ್ತದೆ ಎಂಬುದನ್ನು ತೋರಿಸಿಕೊಟ್ಟ ಚೆಂಡು

ಬೆಳಗಾವಿಯ ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಕ್ರಿಕೆಟ್, ಹಾಕಿ, ಕಾಲ್ಚೆಂಡಿನ ವಸ್ತುಗಳು ಕೇಳಿದ ತಕ್ಷಣ ಸಿಗುತ್ತವೆ. ಕೈಯಿಂದ ಎಸೆದು ಹಿಡಿಯುವ, ಎರಡೂ ತುದಿ ಮೊನಚಾದ ಅಮೆರಿಕನ್ ಫುಟ್‌ಬಾಲ್ ಬೇಕೆಂದರೆ ಮಾತ್ರ ಮೊದಲೇ ಹೇಳಿ ತರಿಸಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಐದೈದು ಆಟಗಾರರ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿಯನ್ನು ಕೆಡವುವ ಬದಲು ಅವನ ಸೊಂಟದ ಪಟ್ಟಿಯನ್ನು ಕೀಳುವ ಬಗೆಯ ಆಟ) ಸೇರಿದ ಮೇಲೆ ಇಲ್ಲಿಯ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈ ಆಟದ ಮೇಲೆ ಆಸಕ್ತಿ ಮೂಡಿದ್ದು, ರಜಾದಿನಗಳ ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಅವರಿಗೆ ಅಭ್ಯಾಸ ಮಾಡಿಸುವ ನನಗೆ ಎರಡು ಬಗೆಯ ಚೆಂಡುಗಳನ್ನು ಸಾಕಷ್ಟು ಕಾಲ ಬಳಸಿ ನೋಡುವ ಅವಕಾಶ ದೊರೆಯಿತು. ಒಂದು, 12ರಿಂದ 14 ವರ್ಷದವರಿಗೆಂದು ತಯಾರಾಗುವ ಯೂತ್ ಅಳತೆಯ ರಬ್ಬರ್ ಚೆಂಡು. ಇನ್ನೊಂದು, ಕಾಲೇಜು ಆಟಗಾರರು ಬಳಸುವ ಪೂರ್ಣ ಅಳತೆಯಲ್ಲಿ ಕೃತಕ ಚರ್ಮದ ಹೊದಿಕೆ ಹೊಂದಿದ ಕಾಂಪೋಸಿಟ್ ಚೆಂಡು. ಅಮೆರಿಕದ ಕಾಲೇಜು ಪಂದ್ಯಗಳನ್ನು ತಪ್ಪದೆ ನೋಡುವ ಈ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಬಹಳ ದಿನಗಳಿಂದ ಕಾಡುತ್ತಿತ್ತು: ಹತ್ತು ಗಜದ ಪಾಸನ್ನು ಜೊತೆಗಾರನ ಎದೆಯ ಮಟ್ಟಕ್ಕೆ ಕರಾರುವಾಕ್ಕಾಗಿ ತಲುಪಿಸುವ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದಲ್ಲಿ ಪಾಸ್ ಎಸೆಯುವ ಆಟಗಾರ, ನಲವತ್ತು ಗಜದ ಪಾಸಿನಲ್ಲಿ ಏಕೆ ಮತ್ತೆ ಮತ್ತೆ ತಪ್ಪುತ್ತಾನೆ? ಕೊಂಡ ಚೆಂಡು ಈ ಪ್ರಶ್ನೆಯನ್ನು ಬಿಡಿಸಲು ಎಷ್ಟು ನೆರವಾಯಿತು ಎಂಬ ಅಳತೆಗೋಲಿನಿಂದಲೇ ನಾನು ಅದನ್ನು ತೂಗಿ ನೋಡಿದ್ದೇನೆ.

ರಬ್ಬರ್ ಚೆಂಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಬೆಲೆ ಪೂರ್ಣ ಅಳತೆಯ ಚೆಂಡಿನ ಬೆಲೆಯ ಸುಮಾರು ಮೂರನೆಯ ಒಂದು ಭಾಗ. ಮುರುಮಿನ ನೆಲದಲ್ಲಿ ಉಜ್ಜಿದರೂ ಕೆಡುವುದಿಲ್ಲ, ಮಳೆಯಲ್ಲಿ ನೀರು ಹೀರುವುದಿಲ್ಲ, ಸಣ್ಣ ಅಂಗೈಗೂ ಹಿಡಿತ ಸಿಗುತ್ತದೆ. ಇಪ್ಪತ್ತು ಗಜದೊಳಗಿನ ಅಭ್ಯಾಸಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಆದರೆ ಅದು ಹಗುರವಾದ್ದರಿಂದ ಸಣ್ಣ ಗಾಳಿಗೂ ದಾರಿ ಬಿಡುತ್ತದೆ, ಬೆವರಿದ ಕೈಯಲ್ಲಿ ಜಾರುತ್ತದೆ, ಮತ್ತು ಅದರ ಮೇಲೆ ಹೊಲಿಗೆಯಂತೆ ಕಾಣುವುದು ಅಚ್ಚಿನಲ್ಲಿ ಮೂಡಿಸಿದ ಉಬ್ಬು ಮಾತ್ರವಾದ್ದರಿಂದ ಬೆರಳುಗಳಿಗೆ ಅಲ್ಲಿ ಆಧಾರವೇ ಇರುವುದಿಲ್ಲ. ಹೀಗಾಗಿ ದೂರದ ಪಾಸ್ ಕೆಟ್ಟಾಗ, ಕೆಟ್ಟದ್ದು ಎಸೆದವನಿಂದಲೋ ಚೆಂಡಿನಿಂದಲೋ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಾಗಲಿಲ್ಲ.

ಪೂರ್ಣ ಅಳತೆಯ ಚೆಂಡನ್ನು ತರಿಸಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ನಿಯಮದ ಪ್ರಕಾರ ಅಮೆರಿಕದ ಕಾಲೇಜು ಚೆಂಡಿನ ತೂಕ 14ರಿಂದ 15 ಔನ್ಸ್, ಅಂದರೆ ಸುಮಾರು 397ರಿಂದ 425 ಗ್ರಾಂ ಇರಬೇಕು. ನಮ್ಮ ಚೆಂಡನ್ನು ತೂಗಿಸಿದಾಗ ಅದು ಈ ಮಿತಿಯೊಳಗೇ ಇತ್ತು. 156ರಿಂದ 163 ಗ್ರಾಂ ತೂಗುವ ಕ್ರಿಕೆಟ್ ಚೆಂಡನ್ನು ಬೌಂಡರಿಯಿಂದ ಎಸೆದು ಪಳಗಿದ ಹುಡುಗರಿಗೆ ಎರಡೂವರೆ ಪಟ್ಟು ತೂಕದ ಈ ಚೆಂಡು ಮೊದಲ ದಿನವೇ ಭುಜದಲ್ಲಿ ನೋವು ತರುತ್ತದೆ. ಎಸೆಯುವ ಬಗೆಯೂ ಬೇರೆ: ಕ್ರಿಕೆಟ್‌ನಲ್ಲಿ ಮೊಣಕೈಯನ್ನು ಪಕ್ಕಕ್ಕೆ ಬೀಸಿ ನೆಲಕ್ಕೆ ಸಮಾನಾಂತರವಾಗಿ ಎಸೆದರೂ ಚೆಂಡು ಒಂದು ಪುಟಿತದಲ್ಲಿ ಕೀಪರನ ಕೈ ಸೇರುತ್ತದೆ, ಇಲ್ಲಿ ಹಾಗೆ ಬೀಸಿದರೆ ಚೆಂಡಿನ ಮೂತಿ ಅಡ್ಡ ತಿರುಗಿ ಮೂವತ್ತು ಗಜಕ್ಕೆ ಮೊದಲೇ ಸೋತು ಬೀಳುತ್ತದೆ. ಉಂಗುರ ಬೆರಳು ಮತ್ತು ಕಿರುಬೆರಳನ್ನು ಹೊಲಿಗೆಯ ದಾರದ ಮೇಲೆ ಊರಿ, ತೋರುಬೆರಳನ್ನು ಹಿಂದಿನ ತುದಿಯ ಕಡೆಗೆ ಚಾಚಿ, ಆ ಬೆರಳೇ ಕೊನೆಗೆ ಚೆಂಡನ್ನು ಬಿಡುವಂತೆ ಎಸೆದಾಗ ಚೆಂಡು ತನ್ನ ಉದ್ದದ ಅಕ್ಷದ ಸುತ್ತ ತಿರುಗುತ್ತ ಸಾಗುತ್ತದೆ. ಇದನ್ನೇ ಸ್ಪೈರಲ್ ಎನ್ನುತ್ತಾರೆ. ನುರಿತ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುತ್ತದೆ, ಆ ತಿರುಗುವಿಕೆಯಿಂದಲೇ ಅದರ ಮೂತಿ ಹಾರಾಟದ ದಾರಿಯನ್ನು ಹಿಂಬಾಲಿಸುತ್ತದೆ ಮತ್ತು ಗಾಳಿಯ ತಡೆ ಕಡಿಮೆಯಾಗುತ್ತದೆ. ಬಲಗೈಯವರು ದೂರ ಎಸೆದ ಚೆಂಡು ತುಸು ಬಲಕ್ಕೆ ಸರಿಯುವುದಕ್ಕೂ ಕಾರಣ ಈ ತಿರುಗುವಿಕೆಯೇ; ಹತ್ತು ಗಜದಲ್ಲಿ ಕಣ್ಣಿಗೆ ಬೀಳದ ಈ ಸರಿತವನ್ನು ನಲವತ್ತು ಗಜದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಾಂಪೋಸಿಟ್ ಚೆಂಡಿನ ನಿಜವಾದ ದಾರ ಮತ್ತು ಹರಳುಹರಳಾದ ಹೊರಮೈ ಈ ಕಲಿಕೆಯನ್ನು ಎಷ್ಟು ಸುಲಭಗೊಳಿಸಿದವೆಂದರೆ, ರಬ್ಬರ್ ಚೆಂಡಿನಲ್ಲಿ ಸ್ಪೈರಲ್ ಬಾರದೆ ಬೇಸತ್ತಿದ್ದವರಿಗೂ ಇದರಲ್ಲಿ ಬೇಗನೆ ಬಂದಿತು.

ಆಟದ ಇತಿಹಾಸದಲ್ಲಿಯೂ ಚೆಂಡಿನ ಆಕಾರಕ್ಕೂ ದೂರದ ಪಾಸಿಗೂ ನಂಟು ಇದೆ. ಮುಂದಕ್ಕೆ ಪಾಸ್ ಕೊಡುವುದನ್ನು 1906ರಲ್ಲಿ ನಿಯಮಬದ್ಧಗೊಳಿಸಿದರು. ಇಪ್ಪತ್ತು ಗಜ ಮೀರಿ ಎಸೆಯಬಾರದೆಂಬ ನಿರ್ಬಂಧ 1912ರಲ್ಲಿ ಹೋಯಿತು. 1934ರಲ್ಲಿ ಚೆಂಡನ್ನು ಈಗಿನಂತೆ ಸಪೂರಗೊಳಿಸಿದ ಮೇಲೆ ಅದು ಎಸೆಯುವವನ ಕೈಗೆ ಒದಗಿತು.

ಹಿಡಿತ ಸರಿಹೋದ ಮೇಲೂ ದೂರದ ಪಾಸುಗಳು ಓಡುವವನ ಹಿಂದೆಯೇ ಬೀಳತೊಡಗಿದಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಸರ, ಕೈಯಾಗ ಬಲಾ ಅಂತೂ ಐತ್ರಿ, ಆದರೂ ಚೆಂಡು ಯಾಕ ಮುಟ್ಟವಲ್ದು?" ಕೈಯಲ್ಲಿ ಬಲವಿದ್ದದ್ದು ನಿಜ, ನಿಂತವನಿಗೆ ಅವನು ನಲವತ್ತು ಗಜವನ್ನು ಸಲೀಸಾಗಿ ಎಸೆಯುತ್ತಿದ್ದ. ನಲವತ್ತು ಗಜವೆಂದರೆ 36.6 ಮೀಟರ್. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 35 ಡಿಗ್ರಿ ಏರಿನಲ್ಲಿ ಅಷ್ಟು ದೂರ ಹೋಗಲು ಚೆಂಡಿಗೆ ಗಂಟೆಗೆ 70 ಕಿಲೋಮೀಟರಿನಷ್ಟು ವೇಗ ಬೇಕು, ಮತ್ತು ಅದು ಸುಮಾರು 2.3 ಸೆಕೆಂಡು ಗಾಳಿಯಲ್ಲಿರುತ್ತದೆ. ಸೆಕೆಂಡಿಗೆ 8 ಮೀಟರ್ ಓಡುವ ರಿಸೀವರ್ (ಪಾಸ್ ಹಿಡಿಯಲು ಓಡುವ ಆಟಗಾರ) ಆ ಅವಧಿಯಲ್ಲಿ 18 ಮೀಟರ್ ಸಾಗಿರುತ್ತಾನೆ. ಅಂದರೆ ಚೆಂಡು ಕೈಬಿಡುವ ಹೊತ್ತಿಗೆ ರಿಸೀವರ್ ಇನ್ನೂ ಅರ್ಧ ದಾರಿಯಲ್ಲಿದ್ದು, ಅವನ ಮುಂದೆ ಖಾಲಿ ನೆಲವಷ್ಟೇ ಇರುತ್ತದೆ. ಆ ಖಾಲಿ ನೆಲಕ್ಕೆ ಎಸೆಯಲು ಮನಸ್ಸು ಒಪ್ಪುವುದಿಲ್ಲ. ಎಸೆಯುವವನು ಎದುರಾಳಿಯಿಂದ ರಿಸೀವರ್ ಪೂರ್ತಿ ಬಿಡಿಸಿಕೊಳ್ಳಲಿ ಎಂದು ಅರ್ಧ ಸೆಕೆಂಡು ಕಾದರೆ ಗುರಿ ಇನ್ನೂ 4 ಮೀಟರ್ ಮುಂದಕ್ಕೆ ಹೋಗಿರುತ್ತದೆ, 36 ಮೀಟರಿಗೆ ಸಾಕಾಗಿದ್ದ ತೋಳು 40 ಮೀಟರಿಗೆ ಸಾಲದೆ ಹೋಗುತ್ತದೆ, ನೋಡುವವರು ತೋಳಿನಲ್ಲಿ ಕಸುವಿಲ್ಲ ಎಂದು ತೀರ್ಮಾನಿಸುತ್ತಾರೆ. ನನ್ನ ಅನುಭವದಲ್ಲಿ ಗಿಡ್ಡವಾಗಿ ಬೀಳುವ ಪಾಸುಗಳಲ್ಲಿ ಬಹುಪಾಲು ತಡವಾಗಿ ಹೊರಟ ಪಾಸುಗಳೇ. ಮೈದಾನದಲ್ಲಿ ಒಂದು ಕಡೆ ಗುರುತು ನೆಟ್ಟು, ಓಡುವವನನ್ನು ನೋಡದೆ ಆ ಗುರುತಿಗೇ ಎಸೆಯಬೇಕೆಂದು ಕಟ್ಟಪ್ಪಣೆ ಮಾಡಿದ ಮೇಲೆ ಅದೇ ತೋಳು, ಅದೇ ಚೆಂಡು ರಿಸೀವರನ ಕೈ ಸೇರತೊಡಗಿದವು.

ದಿಕ್ಕಿನ ತಪ್ಪೂ ದೂರದಲ್ಲಿ ಬೆಳೆಯುತ್ತದೆ. ಒಂದು ಡಿಗ್ರಿ ಆಚೀಚೆಯಾದರೆ ಹತ್ತು ಗಜದಲ್ಲಿ ಚೆಂಡು 16 ಸೆಂಟಿಮೀಟರ್ ಸರಿಯುತ್ತದೆ, ರಿಸೀವರ್ ಕೈ ಚಾಚಿ ಹಿಡಿಯುತ್ತಾನೆ. ನಲವತ್ತು ಗಜದಲ್ಲಿ ಅದು 64 ಸೆಂಟಿಮೀಟರ್ ಆಗುತ್ತದೆ, ಪೂರ್ತಿ ವೇಗದಲ್ಲಿ ಓಡುತ್ತ ಭುಜದ ಮೇಲಿಂದ ನೋಡುವವನಿಗೆ ಅಷ್ಟು ಸಾಕು ತಪ್ಪಲು.

ಅಮೆರಿಕದ ಕಾಲೇಜು ಕ್ವಾರ್ಟರ್‌ಬ್ಯಾಕ್‌ನ ಕಷ್ಟಕ್ಕೆ ಇವುಗಳ ಜೊತೆ ಮೈದಾನದ ಗೆರೆಗಳೂ ಕಾರಣವಾಗುತ್ತವೆ. ಅಲ್ಲಿ ಮೈದಾನದ ಅಗಲ 160 ಅಡಿ. ಆಟ ಶುರುವಾಗುವ ಜಾಗವನ್ನು ನಿರ್ಧರಿಸುವ ಹ್ಯಾಶ್ ಗೆರೆಗಳ ನಡುವಿನ ಅಂತರ ವೃತ್ತಿಪರ ಲೀಗ್‌ನಲ್ಲಿ ಹದಿನೆಂಟೂವರೆ ಅಡಿಯಾದರೆ ಕಾಲೇಜಿನಲ್ಲಿ 40 ಅಡಿ. ಚೆಂಡು ಎಡ ಗೆರೆಯ ಮೇಲಿದ್ದರೆ ಎಡ ಅಂಚು 60 ಅಡಿ ದೂರ, ಬಲ ಅಂಚು 100 ಅಡಿ ದೂರ. ಆಟ ಶುರುವಾದ ಜಾಗದಿಂದ ಏಳು ಗಜ ಹಿಂದೆ ಸರಿದು ನಿಂತವನು, ಅದೇ ಜಾಗದಿಂದ ಮೂವತ್ತು ಗಜ ಮುಂದೆ ಅಂಚಿನ ಪಕ್ಕದಲ್ಲಿ ಓಡುವವನಿಗೆ ಎಸೆಯಬೇಕೆಂದರೆ ಹತ್ತಿರದ ಬದಿಯಲ್ಲಿ ಚೆಂಡು ಸುಮಾರು 41 ಗಜ, ಅಗಲವಾದ ಬದಿಯಲ್ಲಿ ಸುಮಾರು 48 ಗಜ ಹಾರಬೇಕಾಗುತ್ತದೆ. ಅಂಕಿಅಂಶದ ಪಟ್ಟಿಯಲ್ಲಿ ಎರಡೂ ಮೂವತ್ತು ಗಜದ ಪಾಸುಗಳೇ, ತೋಳಿಗೆ ಅವು ಬೇರೆ ಬೇರೆ. ಇದರೊಂದಿಗೆ ಅನೇಕ ಕಾಲೇಜು ತಂಡಗಳು ಬೇಗ ಬಿಡುವ ಗಿಡ್ಡ ಪಾಸುಗಳ ಮೇಲೆ ತಮ್ಮ ಆಟವನ್ನು ಕಟ್ಟಿಕೊಂಡಿವೆ, ಮತ್ತು ಪಂದ್ಯಗಳ ಕಾಲದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ತರಬೇತಿ ನೀಡುವಂತಿಲ್ಲ. ನಲವತ್ತು ಗಜ ಓಡುವ ರಿಸೀವರುಗಳೂ ಬೇಗ ದಣಿಯುವುದರಿಂದ ದೂರದ ಪಾಸಿಗೆ ಅಭ್ಯಾಸ ಸಿಗುವುದೇ ಕಡಿಮೆ. ರಿಸೀವರ್ ದೂರ ಓಡುವ ತನಕ ಮೂರು ಸೆಕೆಂಡಿನಷ್ಟು ಕಾಲ ಮುಂಸಾಲಿನವರು ಎದುರಾಳಿಗಳನ್ನು ತಡೆದು ನಿಲ್ಲಿಸಬೇಕು. ತಡೆ ಮುರಿದರೆ ಎಸೆಯುವವನು ಮುಂಗಾಲಿಗೆ ಭಾರ ಹಾಕದೆ ಹಿಂಗಾಲಿನ ಮೇಲೆ ನಿಂತೇ ಎಸೆಯುತ್ತಾನೆ, ಸೊಂಟ ತಿರುಗುವುದಿಲ್ಲ, ಚೆಂಡು ಮೇಲಕ್ಕೆದ್ದು ಗಿಡ್ಡವಾಗಿ ಬೀಳುತ್ತದೆ. ಇಂಥ ಪಾಸಿಗೆ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನೇ ಹೊಣೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ಊರಿನ ಹವೆಯಲ್ಲಿ ಈ ಚೆಂಡು ಹೇಗೆ ನಡೆದುಕೊಂಡಿತು ಎಂಬ ವಿಚಾರ. ಚೆಂಡಿನೊಳಗಿನ ಒತ್ತಡ 12.5ರಿಂದ 13.5 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇರಬೇಕು. ಸೈಕಲ್ ಅಂಗಡಿಯ ಕಂಪ್ರೆಸರಿನಿಂದ ಅಂದಾಜಿನ ಮೇಲೆ ಗಾಳಿ ತುಂಬಿಸುವುದು ಈ ಚೆಂಡಿಗೆ ಹೊಂದುವುದಿಲ್ಲ. ಸೂಜಿ ಇರುವ ಕೈಪಂಪು ಮತ್ತು ಒತ್ತಡ ಅಳೆಯುವ ಗೇಜು ಅಗತ್ಯ. ಮಧ್ಯಾಹ್ನ 32 ಡಿಗ್ರಿ ಉಷ್ಣತೆಯಲ್ಲಿ ಸರಿಯಾಗಿ ತುಂಬಿದ ಚೆಂಡು ಡಿಸೆಂಬರಿನ ನಸುಕಿನಲ್ಲಿ 16 ಡಿಗ್ರಿಗೆ ಇಳಿದಾಗ, ಎಲ್ಲಿಯೂ ಸೋರದೆಯೇ ಸುಮಾರು 1.4 ಪಿಎಸ್‌ಐ ಕಳೆದುಕೊಳ್ಳುತ್ತದೆ ಮತ್ತು ಕೈಗೆ ಮೆತ್ತಗೆ ಹತ್ತುತ್ತದೆ. ಆದ್ದರಿಂದ ಮೈದಾನಕ್ಕೆ ಬಂದು ಸ್ವಲ್ಪ ಹೊತ್ತಾದ ಮೇಲೆ ಅಳೆದು ತುಂಬುವುದೇ ಸರಿ. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ಬೀಸುವ ಪಶ್ಚಿಮದ ಗಾಳಿಗೆ ಎದುರಾಗಿ ಎಸೆದಾಗ ಸ್ಪೈರಲ್ ಸರಿಯಿದ್ದ ಪಾಸೂ ಹಲವು ಗಜ ಮೊದಲೇ ಬಿದ್ದಿತು. ಸ್ಪೈರಲ್ ಕೆಟ್ಟ ಪಾಸಂತೂ ಎತ್ತ ಹೋಗುವುದೆಂದು ಹೇಳುವಂತಿರಲಿಲ್ಲ. ಒದ್ದೆಯಾದಾಗ ಕಾಂಪೋಸಿಟ್ ಹೊದಿಕೆ ಅಸಲಿ ಚರ್ಮದಷ್ಟು ನೀರು ಹೀರಿ ಭಾರವಾಗುವುದಿಲ್ಲ, ಒಣಬಟ್ಟೆಯಿಂದ ಒರೆಸಿದರೆ ಹಿಡಿತ ಮರಳುತ್ತದೆ. ಈ ಗುಣ ನಮ್ಮ ಮಳೆಯ ಊರಿಗೆ ದೊಡ್ಡ ಅನುಕೂಲ.

ಕೊರತೆಗಳೂ ಇವೆ. ದೂರದ ಪಾಸುಗಳು ತಪ್ಪಿದಾಗ ಚೆಂಡು ಮೂತಿಯ ಮೇಲೆ ಬೀಳುವುದರಿಂದ, ಗಟ್ಟಿ ಕೆಂಪು ನೆಲದಲ್ಲಿ ಎರಡೂ ತುದಿಗಳ ಹರಳು ಬೇಗನೆ ಸವೆದು ನುಣುಪಾಯಿತು, ತೋರುಬೆರಳು ಊರುವ ಜಾಗವೂ ಅದೇ ಆಗಿರುವುದರಿಂದ ಇದು ಸಣ್ಣ ದೋಷವಲ್ಲ. ದಾರದ ಒಂದು ಕೊನೆ ಸಡಿಲಗೊಂಡಿದ್ದನ್ನು ಚಪ್ಪಲಿ ಹೊಲಿಯುವವರಲ್ಲಿ ಬಿಗಿಸಿಕೊಂಡೆವು. ನನಗೆ ಬಿದ್ದ ಬೆಲೆ 2,400 ರೂಪಾಯಿ, ಪಂಪು ಮತ್ತು ಗೇಜು ಪ್ರತ್ಯೇಕ. ಕಾಲೇಜಿನ ಕ್ರೀಡಾ ವಿಭಾಗಕ್ಕೆ ಇದು ಹೊರೆಯಲ್ಲ, ವಿದ್ಯಾರ್ಥಿಯೊಬ್ಬ ತನ್ನ ಕೈಯಿಂದ ಕೊಡುವುದಾದರೆ ದುಬಾರಿಯೇ. ಹದಿನೇಳು ದಾಟಿದವರು, ಇಪ್ಪತ್ತು ಗಜ ಮೀರಿ ಎಸೆಯುವ ಮನಸ್ಸುಳ್ಳವರು, ನಾಲ್ಕಾರು ಜನ ಸೇರಿ ಒಂದನ್ನು ಕೊಳ್ಳಲಿ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಶಾಲಾ ಮಕ್ಕಳಿಗೆ ಮಾತ್ರ ಯೂತ್ ಅಳತೆಯದನ್ನೇ ಕೊಡಿಸಬೇಕು, ಏಕೆಂದರೆ ಅಂಗೈಗೆ ಮೀರಿದ ಚೆಂಡಿನಿಂದ ಕಲಿತ ತಪ್ಪು ಬೀಸು ಮುಂದೆ ತಿದ್ದಲು ಕಠಿಣ. ಅಂಗಡಿಯವರಿಗೆ ಹೇಳಿ ತರಿಸುವಾಗ ಪೂರ್ಣ ಅಳತೆ ಮತ್ತು ಕಾಂಪೋಸಿಟ್ ಹೊದಿಕೆ ಎಂದು ಎರಡನ್ನೂ ಬರೆದು ಕೊಡಿ, ಚೆಂಡು ಬಂದ ಮೇಲೆ ದಾರವನ್ನು ಉಗುರಿನಿಂದ ಎತ್ತಿ ಅದು ನಿಜವಾದ ಹೊಲಿಗೆಯೇ ಎಂದು ನೋಡಿ, ಗಾಳಿ ತುಂಬಿಸಿ ಒಂದು ರಾತ್ರಿ ಅಂಗಡಿಯಲ್ಲೇ ಇಡಿಸಿ, ಮರುದಿನ ಗೇಜಿನಿಂದ ಅಳೆದ ನಂತರವೇ ಹಣ ಕೊಡಿ.