ಅಡಿಕೆ ಅಂಗಳದಲ್ಲಿ ನೈಟ್ರೋ ಟ್ರಕ್: ಎಚ್‌ಎಸ್‌ಪಿ 94188, ನಾಲ್ಕು ತಿಂಗಳ ಅನುಭವ

ತೋಟಕ್ಕೆ ಔಷಧಿ ಹೊಡೆಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಎರಡನ್ನೂ ನಾನೇ ಬಿಚ್ಚಿ ಜೋಡಿಸುತ್ತೇನೆ. ಹಾಗಾಗಿ ಟೂ ಸ್ಟ್ರೋಕ್ ಎಂಜಿನ್ ಗೊತ್ತು ಎಂಬ ಧೈರ್ಯದಲ್ಲೇ ಎಚ್‌ಎಸ್‌ಪಿ ಎಂಬ ಚೀನಾ ಕಂಪನಿಯ, ಪುಟ್ಟ ಎಂಜಿನ್ ಇರುವ ಈ ರಿಮೋಟ್ ಆಟಿಕೆ ಟ್ರಕ್ ತರಿಸಿದೆ. ತೀರ್ಥಹಳ್ಳಿಯ ಮನೆಯಂಗಳದಲ್ಲಿ ನಾಲ್ಕು ತಿಂಗಳು ಓಡಿಸಿದ ಮೇಲೆ ಹೇಳುತ್ತಿದ್ದೇನೆ: ಟ್ರಕ್ ಗಟ್ಟಿಯಾಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಡಬ್ಬ ತೆರೆದ ದಿನವೇ ಓಡಬೇಕು ಅನ್ನುವವರು ಬ್ಯಾಟರಿಯದ್ದನ್ನು ತಗೊಳ್ಳಿ. ಇದಕ್ಕೆ ಟ್ಯೂನಿಂಗ್, ಎಂದರೆ ಎಂಜಿನ್ನಿನ ಹದ ಹೊಂದಿಸುವುದನ್ನು ಕಲಿಯುವ ತಾಳ್ಮೆ ಬೇಕು.

ಎಂಜಿನ್ 2.74 ಸಿಸಿ. ಪೆಟ್ರೋಲ್ ಅಲ್ಲ, ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಸೇರಿಸಿದ ಇಂಧನ. ನಾನು ಹಾಕುವುದು 20% ನೈಟ್ರೋ ಇರುವುದು. ಕಿಡಿ ಹಾರಿಸುವ ಪ್ಲಗ್ ಇದಕ್ಕಿಲ್ಲ. ಗ್ಲೋ ಪ್ಲಗ್ಗಿನೊಳಗಿನ ಪ್ಲಾಟಿನಂ ಸುರುಳಿಯನ್ನು ಒಂದೂವರೆ ವೋಲ್ಟಿನಲ್ಲಿ ಕೆಂಪಗೆ ಕಾಯಿಸಿ ಹಗ್ಗ ಎಳೆಯಬೇಕು. ಎಂಜಿನ್ ಹೊತ್ತಿಕೊಂಡ ಮೇಲೆ ಮೆಥನಾಲ್ ಆವಿ ತಾಗಿ ಸುರುಳಿ ತಾನೇ ಕೆಂಪಗೆ ಉಳಿಯುತ್ತದೆ. ಹೊಸದರಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಹಗ್ಗ ಹಿಡಿದುಕೊಳ್ಳುತ್ತದೆ. ಹೆದರಬೇಡಿ, ಸಿಲಿಂಡರಿನ ಒಳಗಿನ ಕೊಳವೆ (ಸ್ಲೀವ್) ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಆ ಬಿಗಿ, ಅದು ಇರಲೇಬೇಕು. ನಾನು ಹೇರ್ ಡ್ರೈಯರ್‌ನಿಂದ ಎಂಜಿನ್ ಬಿಸಿ ಮಾಡಿಕೊಂಡು ಎಳೆದೆ. ಮೊದಲ ಐದು ಟ್ಯಾಂಕ್ ನೀಲಿ ಹೊಗೆ ಬರುವಂತೆ ರಿಚ್ ಆಗಿಯೇ, ಎಂದರೆ ಇಂಧನ ಜಾಸ್ತಿ ಬಿಟ್ಟು, ನಿಧಾನಕ್ಕೆ ಓಡಿಸಿ, ನಡುನಡುವೆ ಆರಲು ಬಿಟ್ಟೆ. 75 ಎಂಎಲ್ ಟ್ಯಾಂಕ್, ಒಂದು ಸಲಕ್ಕೆ ಹೆಚ್ಚುಕಡಿಮೆ ಹತ್ತು ನಿಮಿಷ.

ನಿಜವಾದ ಪಾಠ ಶುರುವಾಗುವುದು ಆರನೇ ಟ್ಯಾಂಕಿಗೆ. ಕಾರ್ಬುರೇಟರಿನಲ್ಲಿ ವೇಗದ ಸೂಜಿ, ನಿಧಾನದ ಸೂಜಿ, ನಿಂತಲ್ಲೇ ಓಡುವಾಗಿನ ವೇಗಕ್ಕೆ ಐಡ್ಲಿಂಗ್ ಸ್ಕ್ರೂ, ಹೀಗೆ ಮೂರು. ಹೊಂದಿಸಬೇಕಾದ್ದೂ ಇದೇ ಕ್ರಮದಲ್ಲಿ. ಸೂಜಿಯನ್ನು ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಂದರೆ ಲೀನ್. ಎಡಕ್ಕೆ ಜಾಸ್ತಿ, ರಿಚ್. ಗಡಿಯಾರದ ಮುಖ ನೆನಪಿಟ್ಟುಕೊಂಡು ಒಂದು ಸಲಕ್ಕೆ ಒಂದು ಗಂಟೆಯಷ್ಟೇ ತಿರುಗಿಸಿ, ಅಂಗಳದ ಉದ್ದಕ್ಕೂ ಎರಡು ಸಲ ಓಡಿಸಿ ನೋಡುತ್ತಿದ್ದೆ.

ಇಲ್ಲೇ ನಾನು ತಪ್ಪಿದ್ದು. ಬಲಕ್ಕೆ ತಿರುಗಿಸುತ್ತ ಹೋದಂತೆ ದನಿ ಚೂಪಾಗುತ್ತದೆ, ಓಟ ಹೆಚ್ಚುತ್ತದೆ, ಕೇಳಲು ಬಲು ಇಂಪು. ‘ಮಾವ, ಸಖತ್ತಾಗಿ ಬಂತು, ಇನ್ನೊಂಚೂರು ತಿರುಗಿಸು’ ಅಂದ ಅಕ್ಕನ ಮಗ. ತಿರುಗಿಸಿದೆ. ಮೂರನೇ ಸುತ್ತಿನಲ್ಲಿ ದನಿ ಜೀರುಂಡೆಯಂತೆ ಎಳೆದುಕೊಂಡು ಹೋಗಿ ಟಪ್ಪನೆ ನಿಂತಿತು. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಸುರುಳಿ ಮುದುಡಿ ಒಂದು ಪಕ್ಕಕ್ಕೆ ಅಂಟಿಕೊಂಡಿತ್ತು. ಈ ಎಂಜಿನ್ನಿಗೆ ಇಂಧನದ ಜೊತೆ ಬರುವ ಎಣ್ಣೆಯೇ ಗತಿ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಅತಿ ಇಂಪಾದ ದನಿ ಕೇಳಿದಾಗ ಈಗ ನಾನು ಮೊದಲು ಹೊಗೆ ನೋಡುತ್ತೇನೆ. ಪೂರ್ತಿ ವೇಗದಲ್ಲೂ ಹಿಂದೆ ತೆಳುವಾದ ನೀಲಿ ಗೆರೆ ಕಾಣಬೇಕು. ಕಾಣದಿದ್ದರೆ ಒಂದು ಗಂಟೆ ಎಡಕ್ಕೆ.

ಆಮೇಲೆ ತಾಪಮಾನ ಅಳೆಯುವ ಗನ್ ಕೊಂಡೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದುದು ಸಾಲದು, ಕಾರ್ಖಾನೆಯಲ್ಲಿ ಬಳಸುವಂಥದ್ದೇ ಬೇಕು. ಎಂಜಿನ್ನಿನ ಮೇಲ್ಭಾಗದ ಹೆಡ್ 105ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. ಗನ್ ಇಲ್ಲದ ದಿನ ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡು ಚುರುಗುಟ್ಟಿ ಆರಿದರೆ ಸರಿ. ಕಾದ ಕಾವಲಿಯ ಮೇಲಿನಂತೆ ಬಿದ್ದ ಕೂಡಲೇ ಸಿಡಿದು ಹೋದರೆ ಎಂಜಿನ್ ನಿಲ್ಲಿಸಿ.

ನಿಧಾನದ ಸೂಜಿಗೆ ನಾನು ನೆಚ್ಚಿಕೊಂಡಿರುವ ಪರೀಕ್ಷೆ ಪೈಪ್ ಹಿಚುಕುವುದು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಕಾರ್ಬುರೇಟರಿನ ಪಕ್ಕದಲ್ಲೇ ಇಂಧನದ ಪೈಪ್ ಹಿಚುಕಿ ಹಿಡಿಯಬೇಕು. ದನಿ ಸ್ವಲ್ಪ ಏರಿ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಹದ ಬಂತು. ಏರಿ ಏರಿ ಬಹಳ ಹೊತ್ತಿನ ಮೇಲೆ ನಿಂತರೆ ರಿಚ್, ಹಿಚುಕಿದ ಕೂಡಲೇ ಸತ್ತರೆ ಲೀನ್.

ಇನ್ನೊಂದು ನೋವು ಇಂಧನದ್ದು. ಒಬ್ಬ ಮಾರಾಟಗಾರರು ಸೀಲ್ ಒಡೆದಿದ್ದ ಹಳೆಯ ಡಬ್ಬ ಕೊಟ್ಟುಬಿಟ್ಟರು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಅದೂ ನಮ್ಮ ಊರಿನ ಮಳೆಗಾಲದ ಗಾಳಿ! ಎರಡು ಭಾನುವಾರ ಸೂಜಿ ತಿರುಗಿಸಿದ್ದೇ ಬಂತು, ಒಂದು ಹದವೂ ನಿಲ್ಲಲಿಲ್ಲ. ಸೀಲ್ ಇದ್ದ ಹೊಸ ಡಬ್ಬ ಹಾಕಿದ ದಿನ ಮೊದಲಿನ ಹದದಲ್ಲೇ ಓಡಿತು. ಮುಚ್ಚಳ ಬಿಗಿಯಾಗಿರಲಿ, ಟ್ಯಾಂಕಿನಲ್ಲಿ ಉಳಿದದ್ದನ್ನು ಡಬ್ಬಕ್ಕೆ ವಾಪಸ್ ಸುರಿಯಬೇಡಿ. ಅಡಿಕೆ ಸಿಪ್ಪೆಯ ರಾಶಿ ಹತ್ತಿರವಂತೂ ತುಂಬಿಸಲೇಬೇಡಿ. ಮೆಥನಾಲಿನ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಹದ ಬಂತೆಂದರೆ ಅದು ಆ ಹೊತ್ತಿಗೆ ಮಾತ್ರ. ಮಾಗಿಯ ಬೆಳಗಿನ ತಣ್ಣನೆ ಗಾಳಿ ದಟ್ಟ, ಮಧ್ಯಾಹ್ನ ಹೊಂದಿಸಿದ ಸೂಜಿ ಆಗ ಲೀನ್ ಆಗುತ್ತದೆ. ಮಂಜು ಕವಿದ ಬೆಳಗು ಎಡಕ್ಕೆ ಒಂದು ಗಂಟೆ ಬಿಟ್ಟುಕೊಂಡೇ ಹಗ್ಗ ಎಳೆಯುತ್ತೇನೆ. ಸಂಜೆ ಉಳಿದ ಇಂಧನ ಉರಿಸಿ, ಕಾರ್ಬುರೇಟರಿಗೂ ಪ್ಲಗ್ ತೂತಿಗೂ ಓಡಿಸಿದ ಮೇಲೆ ಹಾಕುವ ಆಫ್ಟರ್ ರನ್ ಎಣ್ಣೆ ನಾಲ್ಕು ಹನಿ ಬಿಟ್ಟು ಎರಡು ಸಲ ಹಗ್ಗ ಎಳೆದಿಡುವುದು ಕಡ್ಡಾಯ. ಇಲ್ಲದಿದ್ದರೆ ಬೇರಿಂಗಿಗೆ ತುಕ್ಕು. ಮೊನ್ನೆ ಆ ಎಣ್ಣೆ ಬಿಡುವ ಕೆಲಸವನ್ನು ಅಕ್ಕನ ಮಗನಿಗೆ ಒಪ್ಪಿಸಿದೆ. ಹನಿ ಎಣಿಸಿ ಬಿಟ್ಟ.